ಒಳಗಿಟ್ಟವನು, ಹೊರಗಿಟ್ಟವನು

"ಸಂಪತ್ತಿಗೆ ಸರಿಯಾದ ಹೆಸರು ಯಾವ ಭಾಷೆಯಲ್ಲಿದೆ, ಬುದ್ಧೀ?"

ಹೀಗೆ ಕೇಳಿದವನು ಮರುಳಪ್ಪ. ಮಠದ ಶಿಷ್ಯರಲ್ಲೆಲ್ಲ ಹೆಚ್ಚು ಓದಿದವನು ಅವನೇ. ಹಲವು ಭಾಷೆಗಳ ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ಒಂದು ಪದಕೋಶ ಬರೆಯುತ್ತಿದ್ದ. ನಾಲ್ಕು ತಿಂಗಳಿಂದ ಈ ಒಂದೇ ಪದದ ಮುಂದೆ ಕುಳಿತಿದ್ದ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಬಂದರೂ ಸಾರಿಗಿಂತ ಮೊದಲೇ ಮಜ್ಜಿಗೆ ಕಲಸಿಕೊಂಡು ಎದ್ದುಹೋಗುತ್ತಿದ್ದ.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಕೋಳಿ ಇಪ್ಪತ್ತೊಂದು ದಿನ ಕೂತರೆ ಮರಿ ಮಾಡುತ್ತದೆ. ನೀನು ನಾಲ್ಕು ತಿಂಗಳು ಕೂತಿದ್ದೀಯಲ್ಲೋ. ಏನು ನಿನ್ನ ಕಷ್ಟ?"

"ಒಂದೊಂದು ಜನ ಒಂದೊಂದನ್ನು ಸಂಪತ್ತು ಅಂತ ಕರೆದಿದ್ದಾರೆ ಬುದ್ಧೀ. ಹಳೆಯ ತಮಿಳಿನಲ್ಲಿ ಮಾಡು ಅಂದರೆ ದನವೂ ಹೌದು, ಸಿರಿಯೂ ಹೌದು. ಲ್ಯಾಟಿನ್ ಆಡುತ್ತಿದ್ದವರಿಗೆ ಹಣದ ಮಾತು ಹುಟ್ಟಿದ್ದೇ ದನದ ಮಾತಿನಿಂದ. ಮರಳುಗಾಡಿನ ಅರಬರು ಒಂಟೆಯನ್ನು ಮಾಲು ಅಂದರು. ಅದೇ ಮಾತು ನಮ್ಮ ಅಂಗಡಿಗೆ ಬಂದು ಮೂಟೆಯಾಗಿ ಕೂತಿದೆ. ನಾವು ಆಸ್ತಿ ಅನ್ನುತ್ತೇವೆ, ಅದು ಸಂಸ್ಕೃತದಲ್ಲಿ 'ಇದೆ' ಅನ್ನುವ ಮಾತು. ನಮ್ಮ ಹಳ್ಳಿಯ ಮುದುಕಿಯರು ಪಾತ್ರೆಪಡಗ, ದನಕರು ಎಲ್ಲಕ್ಕೂ ಬದುಕು ಅಂದುಬಿಡುತ್ತಾರೆ. ಎಲ್ಲರೂ ಸರಿ ಅನ್ನುವುದಾದರೆ ಪದಕೋಶ ಯಾಕೆ ಬೇಕು? ಯಾರೋ ಒಬ್ಬರು ಸರಿಯಾಗಿ ಕಂಡಿರಬೇಕು. ಅವರ ಮಾತನ್ನು ಮೇಲೆ ಬರೆದು ಉಳಿದವರದ್ದನ್ನು ಕೆಳಗೆ ಬರೆಯುತ್ತೇನೆ. ಯಾರು ಅಂತ ಹೇಳಿ."

ಗುರುಗಳು ಒಂದು ಹಿಡಿ ಹುಣಸೆಯನ್ನು ಅವನ ಮುಂದೆ ಸರಿಸಿದರು. "ಕೈ ಖಾಲಿ ಇದ್ದವನಿಗೆ ಕತೆ ಹೇಳಬಾರದು, ಬಿಡಿಸು," ಎಂದು ಹೇಳತೊಡಗಿದರು.

ಸಮುದ್ರದ ಕಡೆ ಒಂದು ಪಟ್ಟಣ. ಅದರ ಹಿಂದೆ ಬೆಟ್ಟ. ಬೆಟ್ಟದ ಆಚೆ ಹುಲ್ಲುಗಾವಲು. ಊರುಗಳ ಹೆಸರು ಕೇಳಬೇಡ, ಪದಕೋಶಕ್ಕೆ ಸೇರಿಸಿಬಿಡುತ್ತೀಯ.

ಪಟ್ಟಣದವರ ಭಾಷೆಯಲ್ಲಿ ಸಂಪತ್ತು ಎನ್ನುವ ಮಾತು 'ಒಳಗೆ' ಎನ್ನುವ ಮಾತಿನಿಂದ ಹುಟ್ಟಿತ್ತು. ಹಡಗು ಬರುವ ಊರು. ಹಡಗಿನ ಜೊತೆ ಕಳ್ಳರೂ ಬರುತ್ತಾರೆ, ಉಪ್ಪುಗಾಳಿಯೂ ಬರುತ್ತದೆ. ಬಾಗಿಲು ಹಾಕಿದ ಮೇಲೆ ಒಳಗೆ ಏನು ಉಳಿಯಿತೋ ಅದೇ ತಮ್ಮದು ಎಂದು ಆ ಜನ ತಿಳಿದಿದ್ದರು. ಆದ್ದರಿಂದ ಒಂದೊಂದು ಮನೆಗೂ ಮೂರು ಬಾಗಿಲು, ಮೂರನೆಯ ಬಾಗಿಲಿನ ಹಿಂದೆ ಒಳಕೋಣೆ, ಒಳಕೋಣೆಯಲ್ಲಿ ಪೆಟ್ಟಿಗೆ. ಸಂಬಂಧ ಬೆಳೆಸುವಾಗ ಬೀಗರಾಗುವವರನ್ನು ಕರೆದೊಯ್ದು ಆ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸುತ್ತಿದ್ದರು. ಅವರು ನೋಡಿದ ಮೇಲೆ ಮುಚ್ಚಿ ಬೆಲ್ಲ ಕೊಡುತ್ತಿದ್ದರು. ಮುಚ್ಚಳ ತೆಗೆಯದ ಮನೆಯ ಬೆಲ್ಲವನ್ನು ಯಾರೂ ತಿನ್ನುತ್ತಿರಲಿಲ್ಲ.

ಹುಲ್ಲುಗಾವಲಿನವರು ದನ ಸಾಕುವ ಜನ. ಅವರ ಭಾಷೆಯಲ್ಲಿ ಸಂಪತ್ತು ಎನ್ನುವ ಮಾತು 'ಹೊರಗೆ' ಎನ್ನುವ ಮಾತಿನಿಂದ ಹುಟ್ಟಿತ್ತು. ಅವರದೊಂದು ಪದ್ಧತಿ. ಅವರು ತಮ್ಮ ಹಸುವನ್ನು ತಮ್ಮ ದೊಡ್ಡಿಯಲ್ಲಿ ಕಟ್ಟುತ್ತಿರಲಿಲ್ಲ. ಒಂದನ್ನು ಈ ಮನೆಗೆ, ಒಂದನ್ನು ಆ ಮನೆಗೆ ಒಪ್ಪಿಸುತ್ತಿದ್ದರು. ಹಸು ಕೊಟ್ಟವನದು, ಹಾಲು ಸಾಕಿದವನದು. ಕಟ್ಟಿಕೊಂಡವರೂ ಸುಮ್ಮನಿರುತ್ತಿರಲಿಲ್ಲ, ತಮ್ಮ ಹಸುವನ್ನು ಇನ್ನೊಬ್ಬರ ಹತ್ತಿರ ಬಿಡುತ್ತಿದ್ದರು. ಒಂದು ದೊಡ್ಡಿಗೆ ಕಾಲುಬಾಯಿ ರೋಗ ಬಂದರೆ ಇನ್ನೊಂದು ದೊಡ್ಡಿಯಲ್ಲಿ ಹಸು ಉಳಿಯುತ್ತಿತ್ತು. ಒಂದು ಕಡೆ ಹುಲ್ಲು ಒಣಗಿದರೆ ಇನ್ನೊಂದು ಕಡೆ ಹಸುರಿರುತ್ತಿತ್ತು. ಎಲ್ಲ ಹಸುಗಳನ್ನೂ ತನ್ನ ದೊಡ್ಡಿಯಲ್ಲೇ ಕೂಡಿಹಾಕಿಕೊಂಡವನನ್ನು ಕಂಡರೆ ಆ ಜನ, "ಅಯ್ಯೋ ಪಾಪ, ಯಾರೂ ಇಲ್ಲದವನು," ಎನ್ನುತ್ತಿದ್ದರು.

ಪಟ್ಟಣದಲ್ಲಿ ಒಬ್ಬ ತುಪ್ಪದ ವ್ಯಾಪಾರಿ. ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು. ಹುಲ್ಲುಗಾವಲಿನಲ್ಲಿ ಒಬ್ಬ ದನಗಾಹಿ. ಅವನಿಗೆ ಒಬ್ಬ ಮಗ. ಆ ಮಗ ಹದಿನೈದು ದಿನಕ್ಕೊಮ್ಮೆ ಬೆಟ್ಟ ಇಳಿದು ತುಪ್ಪದ ಗಡಿಗೆಗಳನ್ನು ತರುತ್ತಿದ್ದ. ನಡುವೆ ದಲ್ಲಾಳಿ ಒಬ್ಬಳು ಮುದುಕಿ. ಎರಡು ಭಾಷೆಯೂ ಬಲ್ಲವಳು. ಅವಳ ದಲ್ಲಾಳಿಯ ಪಾಲು ಗಡಿಗೆಗೆ ಒಂದು ಸೌಟು ತುಪ್ಪ. ಹಾಗಾಗಿ ಮುಖ ತುಂಬಿಕೊಂಡು ಚೆನ್ನಾಗಿಯೇ ಇದ್ದಳು.

ತುಪ್ಪ ನೋಡುವ ಕೆಲಸ ವ್ಯಾಪಾರಿಯ ಮಗಳದು. ಒಂದು ತೊಟ್ಟನ್ನು ಅಂಗೈಯ ಹಿಂಭಾಗಕ್ಕೆ ಹಚ್ಚಿ, ಉಜ್ಜಿ, ಮೂಸಿ ಹೇಳುತ್ತಿದ್ದಳು. ಅವಳ ಮೂಗಿಗೆ ಪಟ್ಟಣವೇ ಹೆದರುತ್ತಿತ್ತು. ಮೊದಮೊದಲು ದನಗಾಹಿಯ ಮಗನ ಒಂದೊಂದು ಗಡಿಗೆಯನ್ನೂ ಮೂರು ಸಲ ಮೂಸುತ್ತಿದ್ದಳು. ಆಮೇಲೆ ಎರಡು ಸಲ. ಆಮೇಲೆ ಒಂದು ಸಲ. ಒಂದು ದಿನ ಮೂಸದೆಯೇ, "ಚೆನ್ನಾಗಿದೆ," ಎಂದಳು.

ಅಪ್ಪನಿಗೆ ಅರ್ಥವಾಯಿತು. ಹುಡುಗ ಒಳ್ಳೆಯವನು ಎಂದು ಅವನೂ ಕಂಡಿದ್ದ. ಮನೆ ಹೇಗಿದೆ ನೋಡಿ ಬರೋಣ ಎಂದು ಮುದುಕಿಯನ್ನು ಕರೆದುಕೊಂಡು ಬೆಟ್ಟ ಹತ್ತಿದ. ಅವನು ಹತ್ತು ವರ್ಷದಿಂದ ಆ ಮನೆಯ ತುಪ್ಪ ಕೊಂಡಿದ್ದ. ಆ ಮನೆಯ ದಾರಿಯನ್ನು ಮಾತ್ರ ಅಲ್ಲಿಯ ತನಕ ನೋಡಿರಲಿಲ್ಲ.

ದನಗಾಹಿ ಎದುರು ಬಂದು ಕರೆದೊಯ್ದ. ಕಾಲಿಗೆ ನೀರು ಕೊಟ್ಟ, ಮಜ್ಜಿಗೆ ಕೊಟ್ಟ. ವ್ಯಾಪಾರಿ ಮನೆಯೊಳಗೆ ಕಣ್ಣಾಡಿಸಿದ. ಒಂದೇ ಬಾಗಿಲು, ಅದಕ್ಕೂ ಅಗುಳಿ ಇರಲಿಲ್ಲ. ಪೆಟ್ಟಿಗೆ ಇರಲಿಲ್ಲ. ಹೊರಗೆ ದೊಡ್ಡಿಯಲ್ಲಿ ಹನ್ನೊಂದು ಹಸುಗಳಿದ್ದವು. ಸದ್ಯ, ಇಷ್ಟಾದರೂ ಇದೆಯಲ್ಲ ಎಂದುಕೊಂಡ.

"ಇದರಲ್ಲಿ ನಿಮ್ಮವು ಎಷ್ಟು ಯಜಮಾನರೇ?" ಎಂದು ಕೇಳಿದ.

ದನಗಾಹಿ ಎದೆ ಮುಂದೆ ಮಾಡಿ ಹೇಳಿದ. "ಒಂದೂ ಇಲ್ಲ. ನಮ್ದೆಲ್ಲ ಹೊರಗೆ ಹೋಗಿದೆ."

ಮುದುಕಿ ಅದನ್ನು ಅಕ್ಷರ ತಪ್ಪದೆ ಹೇಳಿದಳು. ಅವಳ ಮೇಲೆ ತಪ್ಪು ಹೊರಿಸಬೇಡ. ಈ ಕತೆಯಲ್ಲಿ ಅವಳು ಒಂದು ಮಾತನ್ನೂ ತಪ್ಪಾಗಿ ಹೇಳಲಿಲ್ಲ.

ಎಲ್ಲ ಕಳೆದುಕೊಂಡ ಮನುಷ್ಯ, ಆದರೂ ಎಷ್ಟು ಧೈರ್ಯವಾಗಿ ನಗುತ್ತಾನೆ ಎಂದು ವ್ಯಾಪಾರಿಗೆ ಕಣ್ಣು ತುಂಬಿತು. ಬಡಿಸಿದ್ದನ್ನು ಉಂಡ. ಎರಡನೆಯ ಸಲ ಹಾಲು ಹಾಕಲು ಬಂದಾಗ ಬಟ್ಟಲಿಗೆ ಕೈ ಅಡ್ಡ ಹಿಡಿದ. ಬಡವರ ಮನೆಯ ಹಾಲು ಎಂದು ಅವನಿಗೆ ಇಳಿಯಲಿಲ್ಲ.

ಇಲ್ಲಿ ಮರುಳಪ್ಪನ ಕೈ ನಿಂತಿತು. "ಹಸುವೇ ಇಲ್ಲದಿದ್ದರೆ ಹತ್ತು ವರ್ಷ ತುಪ್ಪ ಎಲ್ಲಿಂದ ಬಂತು ಅಂತ ಅವನು ಯೋಚಿಸಲಿಲ್ಲವೇ ಬುದ್ಧೀ?"

"ಇಲ್ಲ. ನಿನ್ನ ಹಾಗೆ ಅವನೂ ಬುದ್ಧಿವಂತ. ನೀನು ಹುಣಸೆ ಬಿಡಿಸು."

ಆಮೇಲೆ ದನಗಾಹಿ ಹೆಂಡತಿಯನ್ನು ಕರೆದುಕೊಂಡು ಪಟ್ಟಣಕ್ಕೆ ಬಂದ. ವ್ಯಾಪಾರಿಗೆ ಮನಸ್ಸು ಅರ್ಧ ಮುರಿದಿತ್ತು. ಆದರೂ ಬಂದವರಿಗೆ ಮರ್ಯಾದೆ ಮಾಡಬೇಕು. ಮೂರು ಬಾಗಿಲು ದಾಟಿಸಿ ಒಳಕೋಣೆಗೆ ಕರೆದೊಯ್ದ. ಪೆಟ್ಟಿಗೆಯ ಮುಚ್ಚಳ ತೆಗೆದ. ಬೆಳ್ಳಿಯ ತಟ್ಟೆ, ಬಂಗಾರದ ಸರ, ಮೂರು ತಲೆಮಾರಿನ ನಾಣ್ಯ ಎಲ್ಲವೂ ಇತ್ತು. ದನಗಾಹಿಯ ಹೆಂಡತಿ ಬಗ್ಗಿ ನೋಡಿದಳು, ಸುತ್ತಲೂ ನೋಡಿದಳು.

"ಇಲ್ಲಿರೋದು ಸರಿ. ಬೇರೆಯವರ ಮನೇಲಿ ಏನಿಟ್ಟಿದ್ದೀರಿ ಅಣ್ಣಾ?" ಎಂದು ಕೇಳಿದಳು.

ವ್ಯಾಪಾರಿ ಎದೆ ಮುಂದೆ ಮಾಡಿ ಹೇಳಿದ. "ಒಂದು ಗುಲಗಂಜಿಯಷ್ಟೂ ಇಲ್ಲ ತಾಯೀ. ನಮ್ದೆಲ್ಲ ಒಳಗೇ ಇದೆ."

ಮುದುಕಿ ಅದನ್ನೂ ಅಕ್ಷರ ತಪ್ಪದೆ ಹೇಳಿದಳು. ದನಗಾಹಿಯ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವಯಸ್ಸಾಗಿದೆ, ಇಷ್ಟು ದೊಡ್ಡ ಊರು, ನಂಬಿ ಒಂದು ಚಮಚ ಇಡಲು ಕೂಡ ಇವರಿಗೆ ಒಂದು ಮನೆ ಇಲ್ಲ. ಅದಕ್ಕೇ ಮೂರು ಬಾಗಿಲು ಹಾಕಿಕೊಂಡು ಬದುಕುತ್ತಿದ್ದಾರೆ ಎಂದು ಅವಳಿಗೆ ತೋರಿತು. ಬೆಲ್ಲ ಕೊಟ್ಟರೆ ಸೆರಗಿನಲ್ಲಿ ಕಟ್ಟಿಕೊಂಡಳು. ಅನಾಥರ ಮನೆಯ ಬೆಲ್ಲವೆಂದು ಅವಳಿಗೂ ಇಳಿಯಲಿಲ್ಲ.

ಎರಡು ಕಡೆಯಿಂದಲೂ ಸಂಬಂಧ ಬೇಡ ಎಂದು ಮಾತು ಬಂತು. ಹಸುವಿಲ್ಲದ ಮನೆಗೆ ಮಗಳನ್ನು ಹೇಗೆ ಕೊಡಲಿ ಎಂದು ವ್ಯಾಪಾರಿ ಸಂಕಟಪಟ್ಟ. ಯಾರೂ ಇಲ್ಲದವರ ಮಗಳನ್ನು ತಂದರೆ ನಾಳೆ ಕಷ್ಟಕ್ಕೆ ಅವಳು ಯಾರ ಹೆಸರು ಹೇಳಿ ಕೂಗುತ್ತಾಳೆ ಎಂದು ದನಗಾಹಿ ಸಂಕಟಪಟ್ಟ. ಇಬ್ಬರೂ ಒಳ್ಳೆಯವರು. ನೀವು ಬಡವರು ಎಂದು ಮುಖದ ಮೇಲೆ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ನಕ್ಷತ್ರ ಕೂಡುವುದಿಲ್ಲ ಎಂದು ವ್ಯಾಪಾರಿ ಹೇಳಿ ಕಳಿಸಿದ. ಬೆಟ್ಟ ಬಹಳ ಎತ್ತರ ಎಂದು ದನಗಾಹಿ ಹೇಳಿ ಕಳಿಸಿದ. ಆ ಬೆಟ್ಟವನ್ನು ಅವನ ಮಗ ಹತ್ತು ವರ್ಷದಿಂದ ತುಪ್ಪ ಹೊತ್ತು ದಾಟುತ್ತಿದ್ದ.

ಮುಂದಿನ ಸಲ ಹುಡುಗ ತುಪ್ಪ ತಂದಾಗ ಹುಡುಗಿ ಒಂದೊಂದು ಗಡಿಗೆಯನ್ನೂ ಮೂರು ಸಲ ಮೂಸಿದಳು. "ವಾಸನೆ ಬಂದಿದೆ," ಎಂದಳು.

ಅವರಿಬ್ಬರಿಗೂ ಸಂತೆಯಲ್ಲಿ ಆಡುವಷ್ಟು ಮಾತು ಬರುತ್ತಿತ್ತು. ಹುಡುಗ ಕೇಳಿದ, "ತುಪ್ಪದ್ದೋ, ನನ್ನದೋ?"

"ನಿಮ್ಮನೇಲಿ ಒಂದೂ ಹಸು ಇಲ್ವಂತೆ. ಮತ್ತೆ ಈ ತುಪ್ಪ ಎಲ್ಲಿಂದ ಬಂತು? ಕಳ್ಳತುಪ್ಪ ನಾನು ಮೂಸೋಲ್ಲ."

ಹುಡುಗ ನಕ್ಕುಬಿಟ್ಟ. ತಮ್ಮ ದೊಡ್ಡಿಯಲ್ಲಿರುವುದು ಬೇರೆಯವರ ಹಸು, ಅದರ ಹಾಲು ತಮ್ಮದು ಎಂದ. ತಮ್ಮ ಹಸು ಬೇರೆಯವರ ದೊಡ್ಡಿಯಲ್ಲಿದೆ, ಅದರ ಹಾಲು ಅವರದು ಎಂದ.

"ಅಂಥ ದೊಡ್ಡಿ ಎಷ್ಟಿದಾವೆ?"

"ನಲವತ್ತೆರಡು."

ಹುಡುಗಿ ಆ ತುಪ್ಪವನ್ನು ಮತ್ತೆ ಮೂಸಲಿಲ್ಲ. ಓಡಿ ಹೋಗಿ ಅಪ್ಪನಿಗೆ ಹೇಳಿದಳು. ಅಪ್ಪ ತಲೆಯಾಡಿಸಿದ. "ಹೊರಗಿರೋದನ್ನೆಲ್ಲ ನಮ್ದು ಅಂತ ಎಣಿಸೋದಾದರೆ ಸಮುದ್ರವೂ ನಂದೇ ಕಣಮ್ಮಾ," ಎಂದ.

ಹುಡುಗನೂ ಮನೆಗೆ ಹೋಗಿ ಹೇಳಿದ. ಆ ಪೆಟ್ಟಿಗೆಯಲ್ಲಿ ಇರುವುದು ಕಡಿಮೆಯೇನಲ್ಲ, ಪಟ್ಟಣದಲ್ಲಿ ಅವರನ್ನು ಸಾಹುಕಾರರು ಎನ್ನುತ್ತಾರೆ ಎಂದ. ಅವನ ತಾಯಿ ಒಪ್ಪಲಿಲ್ಲ. "ಒಳಗೆ ಕೂಡಿಟ್ಟಿದ್ದೇ ಸಿರಿ ಅನ್ನೋದಾದ್ರೆ ಹೆಗ್ಗಣನೂ ಸಾಹುಕಾರನೇ ಕಣೋ ಮಗನೇ," ಎಂದಳು.

ನೋಡು ಮರುಳಪ್ಪಾ, ಮಾತಿನ ಅರ್ಥ ಎರಡೂ ಮನೆಯವರಿಗೆ ತಿಳಿಯಿತು. ನಿನ್ನ ಪದಕೋಶದಲ್ಲಿ ಬರೆಯುವಷ್ಟು ತಿಳಿಯಿತು. ಆದರೂ ಮದುವೆ ಮುಂದಕ್ಕೆ ಸರಿಯಲಿಲ್ಲ. ಹುಡುಗಿ ಊಟ ಬಿಟ್ಟಳು. ಹುಡುಗ ತುಪ್ಪ ಕಾಯಿಸಲು ಕೂತು ಎರಡು ಸಲ ಸೀಯಿಸಿದ.

ಹೀಗಿರುವಾಗ ದನಗಾಹಿಯ ಹೆಂಡತಿಗೆ ಒಂದು ಕೊರಗು ಹತ್ತಿತು. ಸಂಬಂಧ ಆಗದಿದ್ದರೆ ಹೋಗಲಿ, ಆ ಅಣ್ಣ ಯಾರೂ ಇಲ್ಲದೆ ಇದ್ದಾನಲ್ಲ ಎಂದು. ಸೆರಗಿನಲ್ಲಿ ಕಟ್ಟಿಕೊಂಡ ಬೆಲ್ಲ ಇನ್ನೂ ಹಾಗೇ ಇತ್ತು. ಒಂದು ದಿನ ಗಂಡನಿಗೆ ಹೇಳಿದಳು. "ನಮ್ದೊಂದು ಹಸು ಅವರ ಅಂಗಳದಲ್ಲಿ ಇರಲಿ. ನಾಳೆ ಯಾರಾದ್ರೂ ಕೇಳಿದ್ರೆ, ನಂಗೂ ಜನ ಇದಾರೆ ಅಂತ ಹೇಳ್ಕೊಳ್ಳಲಿ." ಗಂಡ ಆ ಕ್ಷಣವೇ ಎದ್ದ. ಬೇರೆ ದೊಡ್ಡಿಗಳಲ್ಲಿದ್ದ ತಮ್ಮ ಹಸುಗಳಲ್ಲೇ ಒಳ್ಳೆಯ ಗಬ್ಬದ ಹಸುವನ್ನು ಆರಿಸಿ ಮುದುಕಿಯ ಜೊತೆ ಪಟ್ಟಣಕ್ಕೆ ಹೊಡೆಸಿದ. ಹಸು ನಮ್ಮದು, ಹಾಲು ನಿಮ್ಮದು ಎಂದು ಹೇಳಿ ಕಳಿಸಿದ.

ಹಸುವನ್ನು ನೋಡಿದ್ದೇ ವ್ಯಾಪಾರಿ ಅಂಗಳಕ್ಕೆ ಓಡಿ ಬಂದ. "ಎಲ್ಲೋ ಉಳಿದಿದ್ದ ಒಂದು ಹಸುವನ್ನೂ ಕಳಿಸಿಬಿಟ್ರಲ್ಲ ಪುಣ್ಯಾತ್ಮರು!" ಎಂದು ಅತ್ತ. ನಕ್ಷತ್ರದ ಸುಳ್ಳು ಹೇಳಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡ. ತಿರುಗಿ ಕಳಿಸಿದರೆ ಅವರಿಗೆ ನೋವಾಗುತ್ತದೆ. ಇಟ್ಟುಕೊಂಡರೆ ತನಗೆ ಅನ್ನ ಇಳಿಯುವುದಿಲ್ಲ. ಕೊನೆಗೆ ಪೆಟ್ಟಿಗೆ ತೆರೆದು ಅದರಲ್ಲಿದ್ದ ಅರ್ಧವನ್ನು ಒಂದು ಸಣ್ಣ ಪೆಟ್ಟಿಗೆಗೆ ತುಂಬಿದ. "ಇದು ನಿಮ್ಮ ಮನೆಯ ಒಳಗೆ ಇರಲಿ ಅಂತ ಹೇಳು ಅಜ್ಜೀ. ಒಳಗೆ ಏನೂ ಇಲ್ಲದ ಮನೇಲಿ ಅವರು ಇರೋದು ನಂಗೆ ನೋಡೋಕಾಗಲ್ಲ," ಎಂದು ಮುದುಕಿಯ ಕೈಗೆ ಪೆಟ್ಟಿಗೆಯನ್ನೂ ಬೀಗದ ಕೈಯನ್ನೂ ಕೊಟ್ಟ.

ಮುದುಕಿ ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ಕುಳಿತು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಾರು ಏನೆಂದುಕೊಂಡು ಕೊಟ್ಟರು ಎನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು. ಹೇಳಿಬಿಡಬಹುದಿತ್ತು. ಹೇಳಿದರೆ ಇಬ್ಬರೂ ಕೊಡುವುದನ್ನು ನಿಲ್ಲಿಸುತ್ತಿದ್ದರು. ಅವಳು ದಲ್ಲಾಳಿ, ಮಾತು ಹೊರುವುದು ಅವಳ ಕೆಲಸ. ಕಣ್ಣೊರೆಸಿಕೊಂಡು ಪೆಟ್ಟಿಗೆ ಹೊತ್ತು ಮುಂದೆ ನಡೆದಳು.

ಹುಲ್ಲುಗಾವಲಿನಲ್ಲಿ ದೊಡ್ಡ ಸಂಭ್ರಮವಾಯಿತು. ದನಗಾಹಿ ಪೆಟ್ಟಿಗೆಯಲ್ಲಿ ಏನಿದೆ ಎಂದು ನೋಡಲೇ ಇಲ್ಲ. "ಪಟ್ಣದಣ್ಣ ತನ್ನದನ್ನು ನಮ್ಮನೇಲಿ ಇಟ್ಟಿದ್ದಾನೆ! ನಮ್ಮನ್ನ ನಂಬಿ ಹೊರಗೆ ಇಟ್ಟಿದ್ದಾನೆ!" ಎಂದು ದೊಡ್ಡಿಯಿಂದ ದೊಡ್ಡಿಗೆ ಓಡಿದ. ನಲವತ್ತೆರಡು ದೊಡ್ಡಿಯಲ್ಲೂ ಹಾಲು ಕುಡಿದ. ಸಂಜೆಗೆ ನಡೆಯಲಾಗದೆ ಅವನನ್ನು ಎತ್ತಿನ ಮೇಲೆ ಕೂರಿಸಿ ಕಳಿಸಿದರು. ಬೀಗದ ಕೈಯನ್ನು ಏನು ಮಾಡುವುದೆಂದು ಆ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಚೆನ್ನಾಗಿ ಹೊಳೆಯುತ್ತದೆ ಎಂದು ಹೋರಿಯ ಕೊರಳಿಗೆ ಕಟ್ಟಿದರು. ದನಗಾಹಿಯ ಹೆಂಡತಿ ಸೆರಗಿನ ಗಂಟು ಬಿಚ್ಚಿ ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡಳು. "ಇನ್ನೇನು ಅಡ್ಡಿ? ಹೋಗಿ ಹೆಣ್ಣು ಕೇಳಿ ಬನ್ನಿ," ಎಂದು ಗಂಡನನ್ನು ಎಬ್ಬಿಸಿದಳು.

ಅತ್ತ ವ್ಯಾಪಾರಿ ಬೆಳಿಗ್ಗೆ ಎದ್ದು ಅಂಗಳದಲ್ಲಿ ಹಸುವನ್ನು ನೋಡಿದ. ಮಗಳು ಅದರ ಕೊರಳಿನ ಗಂಗೆದೊಗಲು ತುರಿಸುತ್ತಾ ನಿಂತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಇತ್ತು. ಅವನು ಯೋಚನೆ ಮಾಡಿದ. ಈಗ ಆ ಮನೆಯ ಒಳಗೆ ಒಂದು ಪೆಟ್ಟಿಗೆ ಇದೆ. ಯಾವ ಹಿರಿಯರು ಬಂದು ಕೇಳಿದರೂ ಅದು ಉಳ್ಳವರ ಮನೆಯೇ ಆಯಿತು. ಇದ್ದ ಒಂದನ್ನೂ ಕೊಡುವಂಥವರು ಹೆಣ್ಣುಮಗಳನ್ನು ಉಪವಾಸ ಕೆಡವುತ್ತಾರೆಯೇ? ಅವನು ಚಪ್ಪಲಿ ಮೆಟ್ಟಿಕೊಂಡು ಬೆಟ್ಟದ ಕಡೆ ಹೊರಟ.

ಇಬ್ಬರೂ ಬೆಟ್ಟದ ಬುಡದ ಹಳ್ಳದಲ್ಲಿ ಎದುರುಬದುರಾದರು. ಇಬ್ಬರೂ ಮೊಣಕಾಲುದ್ದ ನೀರಿನಲ್ಲೇ ನಿಂತು ಒಟ್ಟಿಗೆ ಮಾತಾಡತೊಡಗಿದರು. ಮುದುಕಿ ನಡುವೆ ನಿಂತಳು.

"ಒಬ್ಬೊಬ್ಬರೇ ಮಾತಾಡಿ. ನಂಗಿರೋದು ಒಂದೇ ಬಾಯಿ," ಎಂದು ಗದರಿದಳು. ಆಮೇಲೆ ಎರಡು ಕಡೆಯದನ್ನೂ ಕೇಳಿ, "ಇಬ್ಬರೂ ಹೇಳ್ತಿರೋದು ಒಂದೇ. ನಾನು ಏನೂ ಹೇಳೋ ಹಾಗಿಲ್ಲ," ಎಂದು ದಡ ಹತ್ತಿ ಕುಳಿತಳು. ಇಬ್ಬರೂ ನೀರಿನಲ್ಲೇ ಅಪ್ಪಿಕೊಂಡರು.

ಮದುವೆ ಪಟ್ಟಣದಲ್ಲಿ. ಗಂಡಿನ ಕಡೆಯವರು ಹತ್ತೋ ಹನ್ನೆರಡೋ ಜನ ಬರಬಹುದೆಂದು ವ್ಯಾಪಾರಿ ಎಲೆ ತರಿಸಿದ್ದ. ಬೆಳಿಗ್ಗೆ ಬೆಟ್ಟದ ದಾರಿಯಲ್ಲಿ ಧೂಳು ಎದ್ದಿತು. ನಲವತ್ತೆರಡು ದೊಡ್ಡಿಯವರೂ ಇಳಿದು ಬಂದರು. ಮುದುಕರು, ಬಾಣಂತಿಯರು, ತೊಟ್ಟಿಲ ಮಕ್ಕಳು ಎಲ್ಲರೂ ಬಂದರು. ಒಂದೊಂದು ಮನೆಯವರ ತಲೆಯ ಮೇಲೂ ಒಂದೊಂದು ಗಡಿಗೆ ತುಪ್ಪ. ಬಂದವರೇ ಚಪ್ಪರಕ್ಕೆ ಕಂಬ ನೆಟ್ಟರು, ನೀರು ಸೇದಿದರು, ಒಲೆ ಹೂಡಿದರು.

ವ್ಯಾಪಾರಿ ಬೆರಗಾಗಿ, "ಇವರೆಲ್ಲ ಯಾರು ಬೀಗರೇ?" ಎಂದು ಕೇಳಿದ.

ದನಗಾಹಿ ತನ್ನ ಭಾಷೆಯ ಆ ಒಂದು ಮಾತು ಹೇಳಿದ. ಮುದುಕಿ ಅನುವಾದ ಮಾಡಲು ಬಾಯಿ ತೆರೆದಳು. ವ್ಯಾಪಾರಿ ಬೇಡವೆಂದು ಕೈ ಮಾಡಿದ. ಅಷ್ಟು ಜನಕ್ಕೆ ಅಂಗಳ ಸಾಲದೆ ಮೂರು ಬಾಗಿಲನ್ನೂ ಅವನೇ ತೆರೆದ. ಒಳಕೋಣೆಯಲ್ಲಿ ಬಾಣಂತಿಯರಿಗೆ ಹಾಸಿದರು. ಪೆಟ್ಟಿಗೆಯ ಮೇಲೆ ಗಂಡಿನ ಸೋದರತ್ತೆ ಕುಳಿತು ಎಲೆಅಡಿಕೆ ಹಾಕಿಕೊಂಡಳು.

ಮುಹೂರ್ತಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಅಂಗಳದ ಮೂಲೆಯಲ್ಲಿ ಹಸು ಕರು ಹಾಕಿತು. ಎಲ್ಲರೂ ಆ ಕಡೆ ಓಡಿದರು. ಹೆಣ್ಣುಕರು. ಒಳ್ಳೆಯ ಶಕುನ ಎಂದು ಎರಡು ಭಾಷೆಯಲ್ಲೂ ಕೂಗು ಎದ್ದಿತು.

ವ್ಯಾಪಾರಿ ದನಗಾಹಿಯ ಕೈ ಹಿಡಿದು, "ನಿಮ್ಮ ಸಿರಿ ಬೆಳೀತು ಬೀಗರೇ," ಎಂದ.

"ನಂದಲ್ಲ, ನಿಮ್ದು," ಎಂದ ದನಗಾಹಿ. "ನಿಮ್ಮ ಭಾಷೇಲಿ ಒಳಗಿರೋದೇ ಸಿರಿ. ಹಸು ನಿಮ್ಮ ಅಂಗಳದ ಒಳಗಿದೆ. ನಿಮ್ದೇ."

"ಅದು ಹೇಗಾಗತ್ತೆ? ನಿಮ್ಮ ಭಾಷೇಲಿ ಹೊರಗಿರೋದೇ ಸಿರಿ. ಹಸು ನಿಮ್ಮ ಮನೆಯ ಹೊರಗಿದೆ. ನಿಮ್ದೇ."

ಮಾತಿಗೆ ಮಾತು ಬೆಳೆಯಿತು. ದೊಡ್ಡಿಯವರೆಲ್ಲ ಪಟ್ಟಣದ ಮಾತು ಹಿಡಿದು ವಾದ ಮಾಡಿದರು. ಪಟ್ಟಣದವರೆಲ್ಲ ದೊಡ್ಡಿಯ ಮಾತು ಹಿಡಿದು ವಾದ ಮಾಡಿದರು. ನಿಮ್ದು, ನಿಮ್ದು ಎಂದು ಚಪ್ಪರ ಹಾರಿಹೋಗುವ ಹಾಗೆ ಗಲಾಟೆ. ಮುದುಕಿ ಇಬ್ಬರ ಮಾತನ್ನೂ ಹೊತ್ತು ಹೊತ್ತು ಸುಸ್ತಾಗಿ ಒಂದು ಲೋಟ ಪಾನಕ ಕುಡಿದು ಕಂಬಕ್ಕೆ ಒರಗಿದಳು. ಪುರೋಹಿತರು ಮುಹೂರ್ತ ಮೀರುತ್ತದೆ, ಮುಹೂರ್ತ ಮೀರುತ್ತದೆ ಎಂದು ಕೂಗಿದರು. ಯಾರು ಕೇಳಬೇಕು?

ಹುಡುಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಹಾರವನ್ನು ಎತ್ತಿ ಹುಡುಗನ ಕೊರಳಿಗೆ ತಾನೇ ಹಾಕಿದಳು. ಹುಡುಗನೂ ಹಾಕಿದ. ಅಷ್ಟರಲ್ಲಿ ಪುರೋಹಿತರ ಕೈಯಲ್ಲಿದ್ದ ಅಕ್ಷತೆಯನ್ನು ಮುದುಕಿ ಬಾಚಿಕೊಂಡು ಇಬ್ಬರ ತಲೆಯ ಮೇಲೂ ಸುರಿದಳು. ಅಪ್ಪಂದಿರು ತಿರುಗಿ ನೋಡುವಷ್ಟರಲ್ಲಿ ಮದುವೆ ಆಗಿತ್ತು. ಬೈಯಬೇಕೋ ನಗಬೇಕೋ ತಿಳಿಯದೆ ಇಬ್ಬರೂ ನಕ್ಕರು. ಊಟಕ್ಕೆ ಕುಳಿತ ಮೇಲೂ ಒಬ್ಬರ ಎಲೆಗೆ ಒಬ್ಬರು ತುಪ್ಪ ಸುರಿಯುತ್ತಾ ಅದೇ ವಾದ ಮುಂದುವರಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪ ನಗುತ್ತಿದ್ದ. ನಾಲ್ಕು ತಿಂಗಳ ಮೇಲೆ ಅವನು ನಕ್ಕದ್ದನ್ನು ಕಂಡು ಅಡುಗೆಮನೆಯಿಂದ ಇಬ್ಬರು ಇಣುಕಿ ನೋಡಿದರು. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಅವನು ಹುಣಸೆಯ ಕೈಯನ್ನು ಒರೆಸಿಕೊಂಡು ಲೇಖನಿ ತೆಗೆದ.

"ಎಲ್ಲ ಸರಿ ಬುದ್ಧೀ. ಆದರೆ ಕೊನೆಗೆ ಹಸು ಯಾರದು ಅಂತ ತೀರ್ಮಾನವಾಯಿತು? ಒಳಗಿದೆ ಅಂದರೆ ವ್ಯಾಪಾರಿಯದು, ಹೊರಗಿದೆ ಅಂದರೆ ದನಗಾಹಿಯದು. ಎರಡರಲ್ಲಿ ಒಂದು ಮಾತು ಗೆದ್ದಿರಲೇಬೇಕು. ಅದನ್ನು ಹೇಳಿಬಿಡಿ, ಮೇಲೆ ಬರೆದುಕೊಳ್ಳುತ್ತೇನೆ."

ಗುರುಗಳು ಕೊನೆಯ ಹುಣಸೆಯನ್ನು ಬಿಡಿಸಿ ಎದ್ದರು.

"ಕರುವನ್ನು ಕೇಳು."